ಗಾಯಾಳು ಯೋಧನ ಪುನಃಪ್ರವೇಶ

ನಮ್ಮ ಕೈಲಾಂಚವು ಸೇರಿರುವ ರಾಮನಗರ ಸೀಮೆಯ ಪಟ್ಟಣಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದು ವಾಚಕರಿಗೆ ವಿದಿತವೇ ಸರಿ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್ ಎಂಬ ಸೇನಾಧಿಕಾರಿಯ ಸ್ಮರಣೆ ಅದು. ಸೇನಾನಿಗಳ ಹೆಸರು ಹೀಗೆ ಊರುಗಳಿಗೆ ಅಂಟಿಕೊಳ್ಳುತ್ತದೆ. ಗಾಯಗೊಂಡ ಯೋಧನು ಮರಳಿ ಪಡೆಯನ್ನು ಸೇರಲು ವೈದ್ಯರ ಅಪ್ಪಣೆಗಾಗಿ ಕಾದ ದಿನಗಳನ್ನು ಚರಿತ್ರೆಯು ಬರೆದಿಡುವುದು ಅಪೂರ್ವ.

ಭಾರತೀಯ ಸೇನೆಯ ವೈದ್ಯಮಂಡಲಿಯು ಮನಸ್ಸು, ಶ್ರವಣ, ಅವಯವ, ದೇಹಶಕ್ತಿ, ದೃಷ್ಟಿ ಎಂಬ 5 ವಿಷಯಗಳನ್ನು ಪರಿಶೀಲಿಸಿ ಯೋಧನ ದರ್ಜೆಯನ್ನು ಗೊತ್ತುಮಾಡುತ್ತದೆ. ಈ ಕ್ರಮಕ್ಕೆ ‘ಷೇಪ್’ ಎಂದು ಹೆಸರು. ರಣದಲ್ಲಿ ಒಬ್ಬನ ಕಾಲು ಸೋತರೆ ಪಕ್ಕದವನ ಪ್ರಾಣಕ್ಕೆ ಸಂಚಕಾರ; ಆದುದರಿಂದ ನಿಯಮವು ಅವಶ್ಯವೇ. ಆದರೆ ಕಾಗದದ ದರ್ಜೆಯೇ ಮನುಷ್ಯನ ಪೂರ್ಣ ಅಳತೆಯೆ?

ದೃಷ್ಟಾಂತವೊಂದುಂಟು. 1971ರ ಯುದ್ಧದಲ್ಲಿ ಗೂರ್ಖಾ ಪಡೆಯ ಮೇಜರ್ ಇಯಾನ್ ಕಾರ್ಡೋಜೊ ಅವರು ನೆಲಬಾಂಬನ್ನು ಮೆಟ್ಟಿ, ಛಿದ್ರವಾದ ಕಾಲನ್ನು ತಮ್ಮ ಖುಕ್ರಿಯಿಂದಲೇ ಕತ್ತರಿಸಿಕೊಂಡರು. ಮರದ ಕಾಲಿನವರಿಗೆ ಪದಾತಿ ದಳದ ನಾಯಕತ್ವವು ಸಲ್ಲದೆಂಬುದು ಅಂದಿನ ಮತ. ಅವರು ದೇಹಬಲದ ಪರೀಕ್ಷೆಗೆ ನಿಂತು, ಎರಡು ಕಾಲುಳ್ಳವರಲ್ಲಿ ಕೆಲವರನ್ನು ಹಿಂದಿಕ್ಕಿದರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಟಿ. ಎನ್. ರೈನಾ ಅವರು ಲಡಾಖಿನ ಬೆಟ್ಟಗಳಲ್ಲಿ ಅವರ ನಡಿಗೆಯನ್ನು ಕಂಡು ಸಮ್ಮತಿಯಿತ್ತರು. ಕಾರ್ಡೋಜೊ ಅವರು ಮೊದಲು ದಳವನ್ನೂ ಅನಂತರ ಬ್ರಿಗೇಡನ್ನೂ ನಡೆಸಿದರು. ಅಂಗಹಾನಿಯಾದ ಮೇಲೆ ಆ ಪದವಿಗೇರಿದ ಭಾರತೀಯ ಅಧಿಕಾರಿಗಳಲ್ಲಿ ಪ್ರಥಮರೆನಿಸಿದರು.

ವೈದ್ಯಮಂಡಲಿಯ ಪತ್ರವನ್ನು ಎದುರುನೋಡುವ ಮನೆಗಳು ಬೇಡುವ ನ್ಯಾಯ ಇಷ್ಟೇ: ತೀರ್ಪಿಗೆ ಮುಂಚೆ ಮನುಷ್ಯನನ್ನು ನಡೆಸಿ ನೋಡತಕ್ಕದ್ದು.