ಕಪ್ಪಾದ ಬಟ್ಟೆ ಮತ್ತು ನಿಖರ ವೈದ್ಯದ ಉದಯ

ವ್ಯಾಧಿಯೊಂದನ್ನೇ ನೋಡದೆ, ವ್ಯಾಧಿಗ್ರಸ್ತನ ವಂಶವಾಹಿಗಳನ್ನೂ ಪ್ರೋಟೀನುಗಳನ್ನೂ ಅವನ ರಕ್ತಮೂತ್ರಗಳಲ್ಲಿ ಸಂಚರಿಸುವ ರಾಸಾಯನಿಕ ದ್ರವ್ಯಗಳನ್ನೂ ಒಟ್ಟಿಗೆ ಪರಿಶೀಲಿಸಿ ಚಿಕಿತ್ಸೆಯನ್ನು ನಿರ್ಣಯಿಸಬೇಕೆನ್ನುವ ನಿಖರ ವೈದ್ಯಪದ್ಧತಿಯನ್ನೂ, ಅದಕ್ಕೆ ಆಧಾರವಾದ ಮಲ್ಟಿ-ಓಮಿಕ್ಸ್ ತಂತ್ರಗಳನ್ನೂ ಕುರಿತು ಬರೆಯುವವರು ಸಾಮಾನ್ಯವಾಗಿ ಮಾನವ ಜೀನೋಮ್ ಯೋಜನೆ ಮುಗಿದ 2003ರಿಂದಲೋ, ಅಮೆರಿಕದ ಅಧ್ಯಕ್ಷ ಒಬಾಮಾ ಆ ಹೆಸರಿನ ಕಾರ್ಯಕ್ರಮವನ್ನು ಘೋಷಿಸಿದ 2015ರಿಂದಲೋ ಕಥನವನ್ನು ಆರಂಭಿಸುತ್ತಾರೆ. ಆದರೆ ಈ ವಿದ್ಯೆಯ ಮೂಲಭಾವನೆ ಅದಕ್ಕಿಂತ ಒಂದು ಶತಮಾನದಷ್ಟು ಹಿಂದೆ, ಲಂಡನ್ ನಗರದಲ್ಲಿ, ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯರ ಮನಸ್ಸಿನಲ್ಲಿ ಅಂಕುರಿಸಿತೆಂದು ನಾನು ನಂಬಿದ್ದೇನೆ.

1857ರಲ್ಲಿ ಜನಿಸಿದ ಗ್ಯಾರಡ್ ಅವರಿಗೆ ರಸಾಯನದ ಆಸಕ್ತಿ ಪಿತ್ರಾರ್ಜಿತವಾಗಿ ಬಂದಿತ್ತು. ಸಂಧಿವಾತದ ಒಂದು ಪ್ರಭೇದವಾದ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟವರು ಅವರ ತಂದೆ. ಮಗನ ದೃಷ್ಟಿಯನ್ನು ಸೆಳೆದದ್ದು ಆಲ್ಕ್ಯಾಪ್ಟೊನ್ಯೂರಿಯಾ ಎಂಬ ಅತಿ ವಿರಳವಾದ ವೈಚಿತ್ರ್ಯ. ಇದುಳ್ಳವರ ಮೂತ್ರ ವಿಸರ್ಜನೆಯಾದಾಗ ಎಲ್ಲರದರಂತೆಯೇ ಇದ್ದು, ಗಾಳಿಗೆ ತೆರೆದಿಟ್ಟರೆ ಕ್ರಮೇಣ ಕಂದಾಗಿ ಕಡೆಗೆ ಕಪ್ಪಾಗುತ್ತದೆ. ಎಳೆಗೂಸಿನ ಬಟ್ಟೆಯ ಮೇಲೆ ಬಿದ್ದ ಆ ಕಲೆ ಸಾಬೂನಿನ ಕ್ಷಾರ ತಗುಲಿದೊಡನೆ ಹೋಗುವುದಕ್ಕೆ ಬದಲಾಗಿ ಇನ್ನಷ್ಟು ಗಾಢವಾಗುವುದರಿಂದ, ವೈದ್ಯರಿಗಿಂತ ಮೊದಲೇ ತಾಯಂದಿರು ಇದನ್ನು ಗುರುತಿಸುತ್ತಿದ್ದುದು ಸಹಜವೇ. ಕಪ್ಪಾಗುವ ದ್ರವ್ಯವು ಹೋಮೋಜೆಂಟಿಸಿಕ್ ಆಮ್ಲವೆಂಬುದನ್ನು 1891ರಲ್ಲಿ ವೋಲ್ಕೋವ್ ಮತ್ತು ಬೌಮನ್ ನಿರ್ಧರಿಸಿದ್ದರು. ಆದರೆ ಕರುಳಿನಲ್ಲಿ ಸೇರಿಕೊಂಡ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಆಗ ಪ್ರಬಲವಾಗಿತ್ತು.

ಗ್ಯಾರಡ್ ಬಲ್ಲ ಒಂದು ಕುಟುಂಬದಲ್ಲಿ ಈ ಲಕ್ಷಣವಿದ್ದ ಮಕ್ಕಳಿದ್ದರು. 1901ರಲ್ಲಿ ಆ ತಾಯಿಗೆ ಐದನೆಯ ಮಗು ಹುಟ್ಟಿದಾಗ ಅದರ ಬಟ್ಟೆಗಳನ್ನು ಜನನದ ಕ್ಷಣದಿಂದಲೇ ಗಮನವಿಟ್ಟು ಪರೀಕ್ಷಿಸಲಾಯಿತು. ಎರಡು ದಿನಗಳು ಕಳೆದ ಸ್ವಲ್ಪ ಹೊತ್ತಿಗೆ ಕಲೆ ಕಾಣಿಸಿಕೊಂಡಿತು. ಸೋಂಕು ತಗುಲಿ ಬೇರೂರುವುದಕ್ಕೆ ಅವಕಾಶವೇ ಇಲ್ಲದಷ್ಟು ಬೇಗ ತೋರಿಬಂದ ಈ ಲಕ್ಷಣ ಹುಟ್ಟಿನಿಂದಲೇ ಬಂದದ್ದಾಗಿರಬೇಕೆಂದು ಅವರು ತರ್ಕಿಸಿದರು. ಮಗುವಿನ ತಂದೆತಾಯಿಗಳು ಒಡಹುಟ್ಟಿದವರ ಮಕ್ಕಳೆಂಬುದೂ, ಇಂಥ ಬೇರೆ ಕುಟುಂಬಗಳಲ್ಲಿಯೂ ರಕ್ತಸಂಬಂಧದ ವಿವಾಹ ಮತ್ತೆ ಮತ್ತೆ ಕಾಣುತ್ತಿದ್ದುದೂ ಅವರನ್ನು ಚಿಂತೆಗೆ ಹಚ್ಚಿದುವು. ಮೆಂಡೆಲನ ನಿಯಮಗಳನ್ನು ಆಗತಾನೇ ಇಂಗ್ಲೆಂಡಿನಲ್ಲಿ ಪ್ರಚುರಪಡಿಸುತ್ತಿದ್ದ ವಿಲಿಯಂ ಬೇಟ್ಸನ್, ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುವ ಗುಪ್ತಗುಣದ ಲಕ್ಷಣ ಇದೆಂದು ಸೂಚಿಸಿದರು. 1902ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಗ್ಯಾರಡ್ ಅವರ ಲೇಖನ ಪ್ರಕಟವಾಯಿತು; ಮಾನವನ ಒಂದು ಲಕ್ಷಣಕ್ಕೆ ಮೆಂಡೆಲನ ನಿಯಮವನ್ನು ಅನ್ವಯಿಸಿದ ಪ್ರಥಮ ಪ್ರಯತ್ನಗಳಲ್ಲಿ ಅದು ಅಗ್ರಗಣ್ಯ.

ಆ ಲೇಖನದ ನಿಜವಾದ ಸಂಪತ್ತು ಆಲ್ಕ್ಯಾಪ್ಟೊನ್ಯೂರಿಯಾದ ವಿವರಣೆಯಲ್ಲ. ಇಬ್ಬರ ಮುಖಚರ್ಯೆ ಒಂದೇ ತೆರನಾಗಿರದಂತೆ ಇಬ್ಬರ ದೇಹದ ರಾಸಾಯನಿಕ ಕ್ರಿಯೆಗಳೂ ಸರ್ವಥಾ ಒಂದೇ ಆಗಿರಲಾರವೆಂದೂ, ಈ ವಿರಳ ವೈಚಿತ್ರ್ಯಗಳು ಆ ಭೇದದ ಎದ್ದುಕಾಣುವ ತುದಿಗಳು ಮಾತ್ರವೆಂದೂ, ಒಂದೇ ಔಷಧ ಬೇರೆ ಬೇರೆ ಜನರಲ್ಲಿ ಬೇರೆ ಬೇರೆ ಪರಿಣಾಮ ಬೀರುವುದರ ರಹಸ್ಯವೂ ಇಲ್ಲಿಯೇ ಇರಬಹುದೆಂದೂ ಅವರು ಊಹಿಸಿದರು. 1908ರಲ್ಲಿ ಕ್ರೂನಿಯನ್ ಎಂಬ ಪ್ರತಿಷ್ಠಿತ ಉಪನ್ಯಾಸಮಾಲೆಯಲ್ಲಿ ಅವರು ಕೊಟ್ಟ ಉಪನ್ಯಾಸಗಳು ಮರುವರ್ಷ ಗ್ರಂಥವಾಗಿ ಹೊರಬಂದುವು. ಗೌರವಕ್ಕೇನೂ ಕೊರತೆಯಿರಲಿಲ್ಲ, 1920ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಖ್ಯಾತ ವೈದ್ಯ ವಿಲಿಯಂ ಆಸ್ಲರ್ ಅವರು ಅಲಂಕರಿಸಿದ್ದ ಪೀಠವೇ ಅವರಿಗೆ ದೊರೆಯಿತು. ಆದರೆ ಅವರ ತತ್ತ್ವವನ್ನು ಮುಂದಕ್ಕೊಯ್ಯುವವರಿಲ್ಲದೆ ದಶಕಗಳು ಉರುಳಿದುವು. 1941ರಲ್ಲಿ ಬೂಷ್ಟಿನ ಮೇಲೆ ಪ್ರಯೋಗ ನಡೆಸಿ ವಂಶವಾಹಿಗೂ ಕಿಣ್ವಕ್ಕೂ ಇರುವ ಸಂಬಂಧವನ್ನು ತೋರಿಸಿದ ವಿಜ್ಞಾನಿ ಬೀಡಲ್, 1958ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಗ್ಯಾರಡ್ ಅವರ ಋಣವನ್ನು ಮುಕ್ತಕಂಠದಿಂದ ಸ್ಮರಿಸಿದರು. ಆ ವೇಳೆಗೆ ಗ್ಯಾರಡ್ ತೀರಿಕೊಂಡು ಇಪ್ಪತ್ತೆರಡು ವರ್ಷಗಳಾಗಿದ್ದುವು.

ಅದೇ 1958ರಲ್ಲಿ ಆಲ್ಕ್ಯಾಪ್ಟೊನ್ಯೂರಿಯಾ ರೋಗಿಯ ಯಕೃತ್ತಿನಲ್ಲಿ, ಹೋಮೋಜೆಂಟಿಸಿಕ್ ಆಮ್ಲವನ್ನು ಒಡೆಯಬೇಕಾದ ಕಿಣ್ವದ ಅಭಾವ ಪ್ರತ್ಯಕ್ಷವಾಗಿ ಸಿದ್ಧವಾಯಿತು. 1996ರಲ್ಲಿ ಅದರ ವಂಶವಾಹಿ ದೊರೆಯಿತು. ದ್ರವ್ಯದಿಂದ ಕಿಣ್ವಕ್ಕೆ, ಕಿಣ್ವದಿಂದ ವಂಶವಾಹಿಗೆ ಇಳಿಯಲು ಒಂದೇ ವ್ಯಾಧಿಯ ವಿಷಯದಲ್ಲಿ ನೂರೈದು ವರ್ಷಗಳು ಹಿಡಿದುವು. ಈ ಸ್ತರಗಳನ್ನೆಲ್ಲ ಒಂದೇ ರೋಗಿಯಲ್ಲಿ ಏಕಕಾಲಕ್ಕೆ ಓದಿ ಪರಸ್ಪರ ಹೊಂದಿಸಿ ನೋಡುವುದೇ ಮಲ್ಟಿ-ಓಮಿಕ್ಸ್. 2020ರಲ್ಲಿ ನೈಟಿಸಿನೋನ್ ಎಂಬ ಔಷಧಕ್ಕೆ ಯೂರೋಪಿನಲ್ಲಿ ಈ ವ್ಯಾಧಿಗಾಗಿ ಅನುಮತಿ ದೊರೆತದ್ದರಿಂದ, ಹೋಮೋಜೆಂಟಿಸಿಕ್ ಆಮ್ಲ ಉತ್ಪತ್ತಿಯಾಗುವುದನ್ನೇ ತಡೆಯುವ ಮಾರ್ಗವೂ ತೆರೆಯಿತು.

ಈ ಚರಿತ್ರೆ ನಮಗೆ ದೂರದ್ದಲ್ಲ. ಸೋದರಮಾವನಿಗೋ ಅವನ ಮಗನಿಗೋ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ವಿವಾಹ ರಕ್ತಸಂಬಂಧದೊಳಗಿನದೆಂದು ತಿಳಿದುಬಂದಿತು. ಅದೇ ದಶಕದಲ್ಲಿ ಕರ್ನಾಟಕದ ಲಕ್ಷಕ್ಕೂ ಮೀರಿದ ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಲಾಯಿತು. ಇಂದು ಭಾರತದ ಹತ್ತು ಸಾವಿರ ಜನರ ಜೀನೋಮನ್ನು ಓದಿದ ಯೋಜನೆಯ ಕೇಂದ್ರವೂ ಬೆಂಗಳೂರೇ. ಫಿನೈಲ್‌ಕೀಟೋನ್ಯೂರಿಯಾದಂಥ ಅಮೈನೋ ಆಮ್ಲದ ದೋಷವನ್ನು ಹುಟ್ಟಿದ ಮೊದಲ ವಾರಗಳಲ್ಲಿ ಕಂಡುಹಿಡಿದು ಆಹಾರವನ್ನು ನಿಯಮಿಸಿದರೆ ಮಗುವಿನ ಬುದ್ಧಿಶಕ್ತಿ ಉಳಿಯುತ್ತದೆ; ತಡವಾದರೆ ಹೋದದ್ದು ಮರಳಿ ಬಾರದು. ಜೀನೋಮನ್ನೇ ಓದಬಲ್ಲ ನಾಡು, ಹಳ್ಳಿಯ ಹೆರಿಗೆ ಕೋಣೆಯಲ್ಲಿ ಹುಟ್ಟುವ ಪ್ರತಿ ಮಗುವಿನ ಹಿಮ್ಮಡಿಯಿಂದಲೂ ಒಂದು ತೊಟ್ಟು ರಕ್ತವನ್ನು ತೆಗೆದು ಪರೀಕ್ಷಿಸುವ ಏರ್ಪಾಡನ್ನು ಮೊದಲು ಮಾಡಬೇಕು.