ಗಾಮಾಕಿರಣ ಸ್ಫೋಟಗಳ ಉಳಿಬೆಳಕು: ಒಂದು ಚಾರಿತ್ರಿಕ ವಿವೇಚನೆ

ಗಾಮಾಕಿರಣಗಳ ಸ್ಫೋಟವನ್ನು ಅಮೆರಿಕದ ವೇಲಾ ಉಪಗ್ರಹಗಳು 1967ರಲ್ಲಿ ಮೊದಲು ಗುರುತಿಸಿದವು. 1997ರಲ್ಲಿ ಸ್ಫೋಟದ ಉಳಿಬೆಳಕು ದೊರೆತು ದೂರದ ವಿವಾದವು ಬಗೆಹರಿಯಿತಾದರೂ ಶಕ್ತಿಯ ಸಮಸ್ಯೆಯು ತಲೆದೋರಿತು. 1999ರ ಜನವರಿ 23ರ ಸ್ಫೋಟದ ಪ್ರಭೆಯು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡಿತೆಂದು ಗಣಿಸಿದಲ್ಲಿ, ಅದರ ಶಕ್ತಿಯು ಸೂರ್ಯನ ಸಮಸ್ತ ದ್ರವ್ಯವೂ ಶಕ್ತಿಯಾಗಿ ಮಾರ್ಪಟ್ಟರೆ ದೊರೆಯುವುದನ್ನೂ ಮೀರುತ್ತಿತ್ತು. ಆದರೆ ಸುಮಾರು ಎರಡು ದಿನಗಳ ಬಳಿಕ ಅದರ ಉಳಿಬೆಳಕು ಮೊದಲಿಗಿಂತ ತ್ವರಿತವಾಗಿ ಕುಂದತೊಡಗಿತು.

ಧಾವಿಸುವ ದ್ರವ್ಯದ ವೇಗವು ತಗ್ಗಿದಂತೆಲ್ಲ ಅದರ ಹೆಚ್ಚು ಭಾಗವು ನಮಗೆ ಗೋಚರಿಸುತ್ತದೆ. ಧಾರೆಯ ಅಂಚು ಕಂಡಮೇಲೆ ಹೊಸದಾಗಿ ಕಾಣುವುದೇನೂ ಉಳಿಯದೆ ಇಳಿತವು ಕಡಿದಾಗುತ್ತದೆ. ಆದುದರಿಂದ ಶಕ್ತಿಯು ಕಿರಿದಾದ ಧಾರೆಯಲ್ಲಿ ಹರಿದಿತ್ತೆಂದು ವಿದ್ವಾಂಸರು ನಿರ್ಣಯಿಸಿದರು. ಲೆಕ್ಕವು ನೂರಾರು ಪಟ್ಟು ತಗ್ಗಿತು. 2017ರ ಆಗಸ್ಟ್ 17ರ ಸ್ಫೋಟದ ಉಳಿಬೆಳಕಾದರೋ ಸುಮಾರು ಐದು ತಿಂಗಳು ಏರಿ ಅನಂತರ ಇಳಿಯಿತು. ಧಾರೆಯು ನಡುವೆ ತೀವ್ರವೂ ಅಂಚಿನತ್ತ ಮಂದವೂ ಆಗಿದ್ದು, ನಾವು ಅದನ್ನು ಓರೆಯಿಂದ ಕಂಡುದೇ ಇದಕ್ಕೆ ಕಾರಣ.