ಸಂತನ ಅಣ್ಣ

ಒಡಹುಟ್ಟಿದವರ ಮಾತ್ಸರ್ಯವು ಮನುಷ್ಯಕುಲದಷ್ಟೇ ಪ್ರಾಚೀನವಾದುದು. ಕ್ರೈಸ್ತರ ಧರ್ಮಗ್ರಂಥದ ಆದಿಭಾಗದಲ್ಲಿಯೇ ಕಾಯಿನನು ತಮ್ಮನಾದ ಹೇಬೆಲನನ್ನು ಕೊಲ್ಲುವನು. ಯಾಕೋಬನು ಅಣ್ಣನಾದ ಏಸಾವನಿಗೆ ಸಲ್ಲಬೇಕಾಗಿದ್ದ ತಂದೆಯ ಆಶೀರ್ವಾದವನ್ನು ಅಪಹರಿಸುವನು. ಲೂಕನ ಸುವಾರ್ತೆಯ ದೃಷ್ಟಾಂತವೊಂದರಲ್ಲಿ, ದುಂದುಗಾರನಾದ ಕಿರಿಯ ಮಗನು ಮನೆಗೆ ಮರಳಿದನೆಂದು ತಂದೆಯು ಔತಣವನ್ನೇರ್ಪಡಿಸಲು, ವರ್ಷಗಟ್ಟಲೆ ದುಡಿದ ಹಿರಿಯ ಮಗನು ಒಳಕ್ಕೆ ಬಾರದೆ ನಿಲ್ಲುವನು. ಈ ಹಳೆಯ ನೋವನ್ನೇ ಹಾಸ್ಯರಸದಲ್ಲಿ ಅದ್ದಿ ತೋರಿಸಿದ ಕ್ರಿಸ್ಮಸ್ ಚಲಚ್ಚಿತ್ರವೊಂದುಂಟು. ಅದು ಡೇವಿಡ್ ಡಾಬ್ಕಿನ್ ಎಂಬವರ ನಿರ್ದೇಶನದಲ್ಲಿ 2007ನೆಯ ನವೆಂಬರಿನಲ್ಲಿ ಅಮೆರಿಕಾದಲ್ಲಿ ತೆರೆಕಂಡ ‘ಫ್ರೆಡ್ ಕ್ಲಾಸ್’. ಇದರಲ್ಲಿ ಕಿರಿಯವನು ಸಾಕ್ಷಾತ್ ಸಾಂತಾ ಕ್ಲಾಸ್; ಹಿರಿಯವನು ಅವನ ಕೀರ್ತಿಯ ನೆರಳಿನಲ್ಲಿ ಕೊರಗುವ ಫ್ರೆಡ್.

ಸಾಂತಾ ಕ್ಲಾಸನ ಮೂಲಪುರುಷನು ಕ್ರಿ. ಶ. 4ನೆಯ ಶತಮಾನದಲ್ಲಿ, ಈಗಿನ ತುರ್ಕಿದೇಶದ ದಕ್ಷಿಣಕ್ಕಿರುವ ಮೈರಾ ಪಟ್ಟಣದಲ್ಲಿ ಬಿಷಪನಾಗಿದ್ದ ಸಂತ ನಿಕೋಲಾಸನು. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ವಿವಾಹಕ್ಕಾಗಿ ಈತನು ರಾತ್ರಿಯಲ್ಲಿ ಗುಟ್ಟಾಗಿ ಚಿನ್ನದ ಗಂಟುಗಳನ್ನು ಅವರ ಮನೆಯೊಳಕ್ಕೆ ಹಾಕಿದನೆಂದು ಐತಿಹ್ಯ. ಆ ಮೂವರಲ್ಲಿ ಗುಣವಂತೆ ಯಾರೆಂದು ಆತನು ವಿಚಾರಿಸಿದಂತೆ ಕಥೆಯಲ್ಲಿಲ್ಲ. ಕಾಲಕ್ರಮದಲ್ಲಿ ಈ ದಾನಿಯು ಯೂರೋಪಿನಲ್ಲೆಲ್ಲ ಪ್ರಸಿದ್ಧನಾದನು. ಡಚ್ಚರ ಬಾಯಲ್ಲಿ ‘ಸಿಂಟರ್‌ಕ್ಲಾಸ್’ ಎನಿಸಿದ ಹೆಸರೇ ಅಮೆರಿಕಾದಲ್ಲಿ ‘ಸಾಂತಾ ಕ್ಲಾಸ್’ ಆಯಿತು. ಆದರೆ ದಾನದ ಜೊತೆಗೆ ದಂಡವೂ ಬಂದಿತು. ಆಸ್ಟ್ರಿಯಾ ಮೊದಲಾದ ಕಡೆಗಳಲ್ಲಿ ತುಂಟ ಮಕ್ಕಳನ್ನು ಬೆದರಿಸುವ, ಕೋಡುಳ್ಳ ಕ್ರಾಂಪಸ್ ಎಂಬ ಭೂತವು ಸಂತನ ಸಂಗಡ ಹೊರಟಿತು. 1821ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದ ಮಕ್ಕಳ ಕಿರುಹೊತ್ತಗೆಯೊಂದರಲ್ಲಿ ಒಳ್ಳೆಯ ಮಕ್ಕಳಿಗೆ ಆಟಿಕೆ, ಕೆಟ್ಟ ಮಕ್ಕಳಿಗೆ ಬೆತ್ತ ಎಂಬ ವಿಂಗಡಣೆಯಿತ್ತು. 1934ರಲ್ಲಿ ರೇಡಿಯೋದಲ್ಲಿ ಪ್ರಸಾರವಾದ ಹಾಡೊಂದರ ಮೂಲಕ, ಮಕ್ಕಳ ನಡತೆಯ ಪಟ್ಟಿಯನ್ನು ತಿದ್ದಿ ನೋಡುವ ಸಾಂತಾ ಮನೆಮನೆಗೂ ಪರಿಚಿತನಾದನು. ಹೀಗೆ ದಾನಿಯಾಗಿದ್ದವನು ನ್ಯಾಯಾಧಿಪತಿಯಾದನು.

ಚಲಚ್ಚಿತ್ರದ ಮರ್ಮವು ಈ ಪಟ್ಟಿಯಲ್ಲಿಯೇ ಅಡಗಿದೆ. ಒಳ್ಳೆಯ ಅಣ್ಣನಾಗುವೆನೆಂದು ಬಾಲ್ಯದಲ್ಲಿ ಮಾತು ಕೊಟ್ಟ ಫ್ರೆಡ್ಡನು, ‘ನೀನೇಕೆ ತಮ್ಮನಂತಾಗಲಾರೆ?’ ಎಂಬ ತಾಯಿಯ ಆಕ್ಷೇಪವನ್ನು ಕೇಳಿ ಕೇಳಿ ಕಹಿಯಾಗುವನು. ಬೆಳೆದು ಶಿಕಾಗೋ ನಗರದಲ್ಲಿ ಸಾಲಗಾರರ ಸಾಮಾನುಗಳನ್ನು ಹೊತ್ತೊಯ್ಯುವ ವೃತ್ತಿಯನ್ನು ಹಿಡಿಯುವನು. ಹಣಕ್ಕಾಗಿ ತಮ್ಮನನ್ನು ಬೇಡಿ, ಉತ್ತರಧ್ರುವದ ಅವನ ಕಾರ್ಯಾಗಾರಕ್ಕೆ ಹೋದಾಗ, ಅವನಿಗೊದಗುವ ಕೆಲಸವಾದರೂ ಏನು? ಮಕ್ಕಳನ್ನು ಒಳ್ಳೆಯವರು, ಕೆಟ್ಟವರು ಎಂದು ವಿಂಗಡಿಸಿ ಮುದ್ರೆಯೊತ್ತುವುದು! ತನ್ನ ಹಣೆಗೆ ಚಿಕ್ಕಂದಿನಲ್ಲೇ ಒತ್ತಿದ್ದ ಮುದ್ರೆಯ ಉರಿಯನ್ನು ಬಲ್ಲ ಅವನು ಕಡೆಗೆ ಎಲ್ಲ ಮಕ್ಕಳ ಮೇಲೆಯೂ ‘ಒಳ್ಳೆಯವರು’ ಎಂದೇ ಒತ್ತಿಬಿಡುವನು.

ಪ್ರಸಿದ್ಧ ಸೋದರರಿಂದ ಮಂಕಾದವರ ಕೂಟವೊಂದು ಈ ಚಿತ್ರದಲ್ಲಿ ಬರುವುದು. ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ನರ ತಮ್ಮ ರೋಜರ್, ನಟ ಸಿಲ್ವೆಸ್ಟರ್ ಸ್ಟಾಲೋನರ ತಮ್ಮ ಫ್ರಾಂಕ್, ಅಲೆಕ್ ಬಾಲ್ಡ್‌ವಿನ್ನರ ತಮ್ಮ ಸ್ಟೀಫನ್ ಇವರು ತಮ್ಮ ತಮ್ಮ ಪಾತ್ರಗಳಲ್ಲಿಯೇ ಅಲ್ಲಿ ಕಾಣಿಸಿಕೊಂಡಿರುವರು. ನೋಡುವವರು ನಗುವುದು ನಿಜ. ಆದರೆ ಆ ನಗೆಯಲ್ಲಿ ಸ್ವಲ್ಪ ಸಂಕೋಚವೂ ಬೆರೆತಿರುವುದು.

ವಿಮರ್ಶಕರು ಈ ಚಿತ್ರವನ್ನು ಬಹುಮಟ್ಟಿಗೆ ಆದರಿಸಲಿಲ್ಲ. ಕಥೆಯಲ್ಲಿ ಅತಿಶಯವೂ ಶೈಥಿಲ್ಯವೂ ಉಂಟು. ಆದರೂ ಅದು ಹೇಳುವ ಮಾತು ತಳ್ಳಿಹಾಕತಕ್ಕುದಲ್ಲ. ಸೋದರರ ವೈರವು ಸೋದರರಿಂದಲೇ ಹುಟ್ಟುವುದೆಂದು ಲೋಕವು ತಿಳಿಯುತ್ತದೆ. ಅನೇಕ ವೇಳೆ ಅದು ಹುಟ್ಟುವುದು ಅವರನ್ನು ಒಂದೇ ಕೋಲಿನಿಂದ ಅಳೆಯುವ ಹಿರಿಯರ ಕೈಯಲ್ಲಿ. ತಮ್ಮನು ಅಣ್ಣನನ್ನು ಜರೆಯಲಿಲ್ಲ. ಅಣ್ಣನು ತಮ್ಮನಿಗೆ ಕೇಡನ್ನು ಬಯಸಿ ಹುಟ್ಟಲಿಲ್ಲ. ಕೋಲು ಕೆಳಗಿಟ್ಟೊಡನೆ ಇಬ್ಬರೂ ಒಂದೇ ತಾಯಿಯ ಮಕ್ಕಳಾಗಿ ಉಳಿದರು. ಮೈರಾದ ಬಿಷಪನು ಪಟ್ಟಿಯಿಲ್ಲದೆ ಕೊಟ್ಟನೆಂಬ ಹಳೆಯ ಐತಿಹ್ಯಕ್ಕೆ ಹೊಸ ಕಾಲದ ಈ ನಗೆಗಥೆಯು ತಿಳಿದೋ ತಿಳಿಯದೆಯೋ ಮರಳಿ ಬಂದು ಸೇರಿದೆ.